ದಿನಕ್ಕೊಂದು ಫೋಟೋ, ಬಾಗಿಲು ಮಾತ್ರ ಅದೇ

ಗಂಡಸರಿಗೆ ಕೆಲಸ ತಪ್ಪಿದರೆ ಹೆಂಗಸರಿಗೆ ತಲೆನೋವು ತಪ್ಪುವುದಿಲ್ಲ ಎಂಬುದು ಸುವರ್ಣಮ್ಮನ ಅನುಭವಸಿದ್ಧ ವೇದಾಂತ. ಗಂಡ ಜಡೆಪ್ಪನವರು ಹೊಸಪೇಟೆಯ ಪೇಂಟಿನ ಅಂಗಡಿಯನ್ನು ಮಗ ಮಲ್ಲೇಶನಿಗೆ ಒಪ್ಪಿಸಿ ಮನೆಯಲ್ಲಿ ಕೂತ ದಿನವೇ ಅವಳ ಬಲಗಣ್ಣು ಅದುರಿತ್ತು. ಅದುರಿದ್ದು ಸುಳ್ಳಾಗಲಿಲ್ಲ. ಬಣ್ಣದ ಕಂಪನಿಯವರು ಅಂಗಡಿಗೆ ಬಹುಮಾನವಾಗಿ ಕೊಟ್ಟ ಡಿಜಿಟಲ್ ಕ್ಯಾಮೆರಾ ಮನೆಗೆ ಬಂತು. ಮಗನಿಗೆ ಪುರುಸೊತ್ತಿಲ್ಲ, ಅಪ್ಪನಿಗೆ ಪುರುಸೊತ್ತು ಬಿಟ್ಟರೆ ಬೇರೇನೂ ಇಲ್ಲ. ೨೦೦೭ರ ಯುಗಾದಿಯ ದಿನ ಜಡೆಪ್ಪನವರು ಬೇವುಬೆಲ್ಲ ನುಂಗಿ, ಬಾಯಿ ಒರೆಸಿಕೊಂಡು ಮಹಾಸಂಕಲ್ಪವನ್ನು ಘೋಷಿಸಿಯೇಬಿಟ್ಟರು: ಮುಂದಿನ ಯುಗಾದಿಯವರೆಗೆ, ದಿನಾ ಬೆಳಗಿನ ಆರಕ್ಕೆ, ಸ್ವಂತ ಮನೆಯ ಬಾಗಿಲಿನ ಒಂದು ಫೋಟೋ!

"ಬಾಗ್ಲದ್ದಾ?" ಸುವರ್ಣಮ್ಮ ಕೈಯಲ್ಲಿದ್ದ ಹೋಳಿಗೆಯನ್ನು ಹಾಗೇ ಹಿಡಿದು ನಿಂತಳು. "ಹಂಪಿ ಇಲ್ಲೇ ಮಗ್ಗಲಾಗ ಐತಿ. ಎಲ್ಲೆಲ್ಲಿಂದೋ ಮಂದಿ ವಿಮಾನ ಹತ್ತಿ ಬರ್ತಾರ. ನಿಮಗ ಅದು ಬಿಟ್ಟು ಬಾಗ್ಲಾ ಕಾಣ್ತೇನ್ರಿ?"

"ಹಂಪಿ ಎಲ್ಲಾರೂ ತೆಗೀತಾರ. ನಮ್ಮ ಬಾಗ್ಲಾ ಯಾರ್ ತೆಗೀತಾರ?"

"ನಾ ತೆಗೀತೀನಲ್ರಿ, ದಿನಾ ಐದೂವರಿಗೆ! ರಾತ್ರಿ ಹಾಕೂದೂ ನಾನ!"

ಮೊದಲ ನಾಲ್ಕು ದಿನ ಜಡೆಪ್ಪನವರು ಬನಿಯನ್, ಪಂಚೆಯಲ್ಲಿ ಓಣಿಯ ನಡುವೆ ನಿಂತು, ಒಂದು ಕಣ್ಣು ಮುಚ್ಚಿ, ನಾಲಿಗೆ ಹೊರಚಾಚಿ ಗುರಿ ಹಿಡಿದರು. (ನಾಲಿಗೆಗೂ ಫೋಟೋಗೂ ಏನು ಸಂಬಂಧವೋ ಆ ವಿರೂಪಾಕ್ಷನೇ ಬಲ್ಲ.) ಹಾಲಿನವನು ಸೈಕಲ್ ನಿಲ್ಲಿಸಿ ನಕ್ಕ. ಸುವರ್ಣಮ್ಮನಿಗೆ ಮೈಯೆಲ್ಲ ಉರಿಯಿತು.

"ಮಂದಿ ನಗ್ತಾರ್ರಿ! ಯಾರ ಕಣ್ಣಿಗೂ ಬೀಳದ ಕಡಿ ನಿಂತು ಏನರ ತಕ್ಕೊರಿ. ಆದ್ರ ಆ ಫೋಟೋದ ಸುದ್ದಿ ಮಾತ್ರ ನನ್ನ ಕಿವಿಗೆ ಹಾಕಬ್ಯಾಡ್ರಿ!"

ಅಂದಿನಿಂದ ಕಲಾವಿದರ ಸವಾರಿ ಎದುರುಮನೆಯ ಓಬಳಪ್ಪ ಮೇಷ್ಟ್ರ ಮಾಳಿಗೆಗೆ ಏರಿತು. ಸುವರ್ಣಮ್ಮ ಆ ಕಡೆ ತಲೆಯೆತ್ತಲಿಲ್ಲ, ವರ್ಷವಿಡೀ ಒಂದು ಫೋಟೋವನ್ನೂ ನೋಡಲಿಲ್ಲ. ಗಂಡ ಹೇಳಲು ಬಾಯಿ ತೆರೆದಾಗಲೆಲ್ಲ ಒಗ್ಗರಣೆಗೆ ಸಾಸಿವೆ ಹಾಕಿಬಿಡುತ್ತಿದ್ದಳು.

ಆ ಬಾಗಿಲಾದರೂ ಎಂಥದ್ದು? ಓಣಿಯ ತುದಿಯಲ್ಲೇ ಸಂಡೂರು ರಸ್ತೆ, ರಸ್ತೆಯ ತುಂಬಾ ಅದಿರಿನ ಲಾರಿ. ಅದಿರು ಚೀನಾಕ್ಕೆ, ರೊಕ್ಕ ಹೆಲಿಕಾಪ್ಟರಿನಲ್ಲಿ ಓಡಾಡುವ ದೊರೆಗಳಿಗೆ, ಧೂಳು ಮಾತ್ರ ಧರ್ಮಾರ್ಥವಾಗಿ ಈ ಓಣಿಗೆ. ಬಿಳಿ ಕಾಗೆ ಇಲ್ಲವೆಂಬ ಮಾತಿಗೆ ಇಲ್ಲಿ ಬಿಳಿ ಹಸುವೂ ಇಲ್ಲ ಎಂದು ಸೇರಿಸಬೇಕು, ಎಲ್ಲವೂ ಕೆಂಪು. ಇಂಥದರಲ್ಲೂ ಬೆಳಗಾದರೆ ಥಳಥಳ ಹೊಳೆಯುತ್ತಿದ್ದುದು ಸುವರ್ಣಮ್ಮನ ಅಂಗಳ ಒಂದೇ. ಇದು ಅವಳ ಹೆಮ್ಮೆ, ಅವಳ ಕಿರೀಟ, ಅವಳ ಸರ್ವಸ್ವ. ಪಕ್ಕದ ಮನೆಯ ವಿರುಪಮ್ಮನ ಅಂಗಳ ನೋಡಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಏಳಕ್ಕ ಏಳ್ತಾಳ, ಇನ್ನೇನು ಆಗ್ತದ? ಆಕಿ ಹಾಸಿಗಿ ಸುತ್ತೂದ್ರಾಗ ಲಕ್ಷ್ಮಿ ಕಂಪ್ಲಿ ಮುಟ್ಟಿರ್ತಾಳ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಮರುವರ್ಷದ ಯುಗಾದಿಗೆ ನಾಲ್ಕು ದಿನವಿತ್ತು. ನಲ್ಲಿಯ ಹತ್ತಿರ, ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ, ಇದೇ ಮಾತು ವಿರುಪಮ್ಮನ ಕಿವಿಗೆ ನೇರವಾಗಿ ಬಿತ್ತು.

"ಸುವರ್ಣಕ್ಕ, ನಾ ಏಳಕ್ಕ ಏಳ್ತೀನಿ, ಖರೇ. ಆದ್ರ ನನ್ನ ಅಂಗಳದಾಗ ಬೀಳೂದು ಲಾರಿ ಧೂಳಲ್ಲ, ನಿಮ್ಮ ಕಸಬರಿಗಿ ಧೂಳು!"

ಸುವರ್ಣಮ್ಮ ಸೆರಗು ಸಿಕ್ಕಿಸಿದಳು.

"ನನ್ನ ಕಸಾ ಒಂದ ದಿನ, ಒಂದ ದಿನರ ನಿನ್ನ ಕಡಿ ಬಂದಿದ್ರ, ಈ ಯುಗಾದಿಯಿಂದ ಮುಂದಿನ ಯುಗಾದಿ ಮಟ ನಿನ್ನ ಅಂಗಳಾ ನಾನ ಹೊಡೀತೀನಿ! ಬಂದಿಲ್ಲಂದ್ರ ನೀ ನನ್ನ ಅಂಗಳಾ ಹೊಡೀಬೇಕು. ಹೂಂ ಅನ್ನು!"

"ಹೂಂ. ಆದ್ರ ನೋಡ್ದವ್ರು ಯಾರದಾರ್ರಿ? ಅಷ್ಟೊತ್ತಿಗೆ ಓಣಿ ಎಲ್ಲಾ ಮಲಗಿರ್ತದ."

ಆಗ ಸುವರ್ಣಮ್ಮನ ತಲೆಯಲ್ಲಿ ಮಿಂಚು ಹೊಳೆಯಿತು. "ನಮ್ಮ ಮನಿಯವ್ರು ನೋಡ್ಯಾರ! ವರ್ಷಾನಗಟ್ಲೆ ದಿನಾ ಫೋಟೋ ಹೊಡದಾರ! ಏನಂದ್ಕೊಂಡಿ ಅವ್ರನ್ನ? ದೊಡ್ಡ ಕಲಾವಿದ್ರು ಅವ್ರು!"

ಕಲಾವಿದರ ಕಿವಿಗೆ ಈ ಮಾತು ಬಿದ್ದಾಗ ಅವರ ಕಣ್ಣು ಒದ್ದೆಯಾಯಿತಂತೆ. ಸುವರ್ಣಮ್ಮ ಸುಳ್ಳಿ ಎಂದು ಯಾರೂ ತಿಳಿಯಬಾರದು. ಅವಳ ಕಸಬರಿಗೆ ಹೊಸ್ತಿಲಿನಿಂದ ಹೊರಟು, ಎರಡೂ ಅಂಗಳಗಳ ನಡುವೆ ಗಡಿಯಂತಿದ್ದ ಲೈಟಿನ ಕಂಬದವರೆಗೆ ಹೋಗುತ್ತಿತ್ತು. ಕಂಬ ದಾಟಿದ ಮೇಲೆ ಕೈ ತನ್ನಷ್ಟಕ್ಕೆ ಏನು ಮಾಡುತ್ತಿತ್ತೋ, ಅದನ್ನು ಅವಳು ಬಗ್ಗಿ ವಿಚಾರಿಸಿದವಳಲ್ಲ.

ಸಂಜೆ ಓಬಳಪ್ಪ ಮೇಷ್ಟ್ರ ಪಡಸಾಲೆಯಲ್ಲಿ ನ್ಯಾಯ. ಜಡೆಪ್ಪನವರು ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ರಟ್ಟಿಗೆ ಅಂಟಿಸಿದ ಫೋಟೋಗಳನ್ನು ಗೋಡೆಯುದ್ದಕ್ಕೂ ಒರಗಿಸಿದರು. ಓಣಿಯ ಹೆಂಗಸರು ಮುಂದಕ್ಕೆ ಬಾಗಿದರು. ಸುವರ್ಣಮ್ಮ ಮಾತ್ರ ಗೆದ್ದವಳ ಗತ್ತಿನಲ್ಲಿ ಹಿಂದೆ ಕೂತು ಎಲೆ ಅಡಿಕೆ ಮಡಚುತ್ತಿದ್ದಳು.

ಮೇಷ್ಟ್ರು ಕನ್ನಡಕ ಏರಿಸಿದರು. "ಇದು ನಾಗರಪಂಚಮಿ... ಕೆಂಪು ಗೆರಿ ಕಂಬದ ಆ ಕಡಿಗೆ ಹೋಗೇತಿ. ಇದು ದಸರಾ... ಹೋಗೇತಿ. ದೀಪಾವಳಿ ಅಮಾಸಿ... ಯವ್ವಾ, ಹಬ್ಬದ ದಿನಾನೂ ಬಿಟ್ಟಿಲ್ಲಲ್ಲವ್ವಾ!"

ಸುವರ್ಣಮ್ಮ ಎಲೆ ಅಲ್ಲೇ ಬಿಟ್ಟು ಎದ್ದು ಬಂದಳು. ಸಾಲು ಸಾಲು ಫೋಟೋ. ಪ್ರತಿಯೊಂದರಲ್ಲೂ ತೋಳು ಹರಿದ ಅದೇ ನೈಟಿ, ಕೆದರಿದ ಅದೇ ತುರುಬು, ಮತ್ತು ಕಸಬರಿಗೆಯ ತುದಿಯಿಂದ ವಿರುಪಮ್ಮನ ಮೆಟ್ಟಿಲಿನವರೆಗೆ ಬಳುಕುತ್ತಾ ಹೋದ ಕೆಂಪು ಧೂಳಿನ ಗೆರೆ. ಮೂರೇ ಮೂರು ಫೋಟೋದಲ್ಲಿ ಗೆರೆ ಇಲ್ಲ, ರಸ್ತೆಯ ಕಡೆಗಿದ್ದ ಸುವರ್ಣಮ್ಮನ ಅಂಗಳ ಕೆಂಪಗೆ, ವಿರುಪಮ್ಮನದು ಚೊಕ್ಕ.

"ಇವು ಯಾವ ದಿನದವು?" ಎಂದರು ಮೇಷ್ಟ್ರು.

"ಇಕಿ ತಮ್ಮನ ಮನಿ ಗೃಹಪ್ರವೇಶಕ್ಕ ಕಂಪ್ಲಿಗೆ ಹೋಗಿದ್ಲಲ್ರಿ, ಆವಾಗಿನವು" ಎಂದರು ಜಡೆಪ್ಪನವರು, ಬೇಸರದಿಂದ. "ಆ ಮೂರೂ ಭಾಳ ಸಪ್ಪಗಾಗ್ಯಾವ್ರಿ. ಗೆರಿ ಇಲ್ಲಂದ್ರ ಫೋಟೋಕ ಜೀವಾನ ಇಲ್ಲ."

ಪಡಸಾಲೆ ಹಾರಿಹೋಗುವಂತೆ ನಗು. ಮನೆಗೆ ಬಂದವಳೇ ಸುವರ್ಣಮ್ಮ ಗಂಡನ ಮೇಲೆ ಎರಗಿದಳು. "ವರ್ಷಾನಗಟ್ಲೆ ನೋಡಿ ನೋಡಿ ಸುಮ್ನಿದ್ರೇನ್ರಿ? ಒಂದ ಮಾತು ಹೇಳಬಾರದಿತ್ತಾ?"

"ನಾ ಧೂಳಂತ ನೋಡ್ಲಿಲ್ಲಲೇ. ಚಿತ್ತಾರಂತ ನೋಡ್ದೆ" ಎಂದರು ಆ ಮಹಾನುಭಾವರು. ಇಂಥ ಗಂಡನನ್ನು ಬೈಯಲೂ ಕನ್ನಡದಲ್ಲಿ ಶಬ್ದ ಸಾಲದು ಎಂದು ಅವಳಿಗೆ ಅಂದೇ ಗೊತ್ತಾಯಿತು.

ಆದರೆ ಆಡಿದ ಮಾತು ಆಡಿದ್ದೇ. ಯುಗಾದಿಯ ಬೆಳಗ್ಗೆ ವಿರುಪಮ್ಮ ಮೆಟ್ಟಿಲ ಮೇಲೆ ಚಹಾದ ಕಪ್ಪು ಹಿಡಿದು ಕೂತಿದ್ದಳು. ಆ ವರ್ಷವೆಲ್ಲ ಐದೂವರೆಗೇ ಏಳುವುದೆಂದು ನಿರ್ಧರಿಸಿದ್ದಳಂತೆ. "ಅಕ್ಕಾ, ಕಂಬದ ಮಗ್ಗಲಾಗ ಒಂದೀಟು ಉಳೀತ್ರಿ" ಎಂದಳು, ಭಾಳ ಮರ್ಯಾದೆಯಿಂದ.

ಸುವರ್ಣಮ್ಮ ಹಲ್ಲು ಕಚ್ಚಿ ಕಸಬರಿಗೆ ಬೀಸಿದಳು. ಎದುರು ಮಾಳಿಗೆಯಲ್ಲಿ ಜಡೆಪ್ಪನವರು ಎರಡನೇ ವರ್ಷದ ಮೊದಲ ಫೋಟೋಗೆ ನಾಲಿಗೆ ಹೊರಚಾಚಿದ್ದರು. ಈ ಸಲ ಅವಳು ತಲೆಯೆತ್ತಿ ನೋಡಿದಳು, ಕೈಯಿಂದ ಮುಂಗುರುಳು ಸರಿಮಾಡಿಕೊಂಡಳು. ತಲೆತುಂಬ ಮಲ್ಲಿಗೆ, ಹಣೆಯಲ್ಲಿ ಕಾಸಗಲ ಕುಂಕುಮ, ಮೈಮೇಲೆ ಮಡಿಕೆ ಮುರಿಯದ ಇಳಕಲ್ ಸೀರೆ. ಪರರ ಅಂಗಳ ಗುಡಿಸಲು ಅಷ್ಟು ಸಿಂಗಾರ ಮಾಡಿಕೊಂಡ ಹೆಂಗಸನ್ನು ಆ ಓಣಿ ಅದುವರೆಗೆ ಕಂಡಿರಲಿಲ್ಲ.