ಎರಡು ಭಾಷೆಗಳನ್ನು ಅಕ್ಕಪಕ್ಕ ಕೂರಿಸಿದವರಿಗೆ

ಲೋಕದ ಭಾಷೆಗಳನ್ನು ಎರಡೆರಡಾಗಿ ನಿಲ್ಲಿಸಿ ಹೋಲಿಸಿ ತೋರಿಸುವ ಜಾಲತಾಣದ ಪರಮ ಮಾನ್ಯರೇ,

ತಾವು, ತಮ್ಮ ಯಂತ್ರ, ಯಂತ್ರದ ಮನೆಮಂದಿ ಎಲ್ಲರೂ ಕ್ಷೇಮವೆಂದು ನಂಬಿ, ನಂಬಿದ್ದು ಸುಳ್ಳಾದರೆ ಏನು ಗತಿ ಎಂಬ ಅಂಜಿಕೆಯನ್ನೂ ಜೊತೆಗಿಟ್ಟುಕೊಂಡು, ಕಂಬಳಿ ಕಾರ್ಖಾನೆಯಲ್ಲಿ ಉಣ್ಣೆಯಿಂದ ಮುಳ್ಳು ಹೆಕ್ಕುವ ನಾನು ಈ ಪತ್ರ ಬರೆಯುತ್ತಿದ್ದೇನೆ. ಶಾಲೆ ನನ್ನನ್ನು ಅರ್ಧಕ್ಕೆ ಬಿಟ್ಟಿತೋ, ನಾನೇ ಶಾಲೆಯನ್ನು ಬಿಟ್ಟೆನೋ ಇವತ್ತಿಗೂ ತೀರ್ಮಾನವಾಗಿಲ್ಲ. ಆದ್ದರಿಂದ ಇಲ್ಲಿ ತಪ್ಪುಗಳು ಕಂಡರೆ ದಯವಿಟ್ಟು ಅವನ್ನು ಬೇರೆಯವರ ತಪ್ಪುಗಳ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ತಮ್ಮ ಮಾವೋರಿ–ಕ್ವೆಚುವಾ ಪುಟ ಎಷ್ಟು ಚೆಂದವಾಗಿದೆಯೆಂದರೆ, ಅದರಿಂದಾಗಿಯೇ ನನ್ನ ನೆಮ್ಮದಿ ಹಾಳಾಗಿದೆ. ನಮ್ಮಲ್ಲಿಗೆ ಒಂದೇ ವಾರ ಇಬ್ಬರು ಹೆಂಗಸರು ಕೆಲಸಕ್ಕೆ ಸೇರಿದರು. ಒಬ್ಬರು ಸಮುದ್ರದ ನಡುವಿನ ದ್ವೀಪದವರು, ಮಾವೋರಿ ಆಡುವವರು. ಇನ್ನೊಬ್ಬರು ಮೋಡ ಕಾಲಡಿಗೆ ಬರುವಷ್ಟು ಎತ್ತರದ ಬೆಟ್ಟದವರು, ಕ್ವೆಚುವಾದವರು. ನಮ್ಮ ಬಾಯಲ್ಲಿ ಅವರು ದ್ವೀಪದಕ್ಕ, ಬೆಟ್ಟದಕ್ಕ. ಕಾರ್ಖಾನೆಯ ಮಾತು ಇಬ್ಬರಿಗೂ ಕೆಲಸ ಸಾಗುವಷ್ಟು ಬರುತ್ತದೆ. ನಮ್ಮ ಮೇಲ್ವಿಚಾರಕರು ಫೋನಿನಲ್ಲಿ ಈ ಪುಟ ತೆರೆದು, ಎರಡೂ ಹೆಸರು ಅಂಟಿಕೊಂಡಿರುವುದನ್ನು ಕಂಡು, "ಅಕ್ಕಪಕ್ಕದ ಭಾಷೆಗಳು ಕಣ್ರೀ, ಒಂದೇ ಮೇಜಿಗೆ ಹಾಕಿದ್ರೆ ಒಬ್ಬರನ್ನ ನೋಡಿ ಒಬ್ಬರು ಕಲೀತಾರೆ" ಎಂದು ನನ್ನ ಎಡಕ್ಕೊಬ್ಬರನ್ನು, ಬಲಕ್ಕೊಬ್ಬರನ್ನು ಕೂರಿಸಿದರು. ಆ ಎರಡು ಭಾಷೆಗಳ ನಡುವೆ ಇರುವ ಮಹಾಸಾಗರ ತಮ್ಮ ಪಟ್ಟಿಯಲ್ಲಿ ಒಂದು ಗೆರೆಯಾಗಿತ್ತು. ನಮ್ಮ ಮೇಜಿನಲ್ಲಿ ಆ ಗೆರೆ ನಾನೇ ಆದೆ.

ದ್ವೀಪದಕ್ಕ ಮುಳ್ಳು ಕೀಳುತ್ತಾ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳುತ್ತಾರೆ, ಬೆಟ್ಟದಕ್ಕ ತನ್ನ ಭಾಷೆಯಲ್ಲಿ ಇನ್ನೂ ಉದ್ದಕ್ಕೆ ಉತ್ತರ ಕೊಡುತ್ತಾರೆ, ಆಮೇಲೆ ನನ್ನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನ ಮೀಸೆಗೋ, ಟೋಪಿಗೋ, ನಾನು ಕೂರುವ ಭಂಗಿಗೋ? "ಲೋಕದಲ್ಲಿ ನಗೋಕೆ ನಿಮ್ಮ ಮೀಸೆ ಬಿಟ್ರೆ ಬೇರೇನೂ ಇಲ್ವಾ?" ಎಂದು ನನ್ನಾಕೆ ಗದರಿದರೂ ಅನುಮಾನ ತೀರದೆ, ನಾನೂ ತಮ್ಮ ಪುಟಕ್ಕೇ ಶರಣಾದೆ. ಅಲ್ಲಿ ಸಿಕ್ಕಿದ್ದು "ಶುಭರಾತ್ರಿ" ಮತ್ತು "ನಾನು ನಿನ್ನನ್ನು ಪ್ರೀತಿಸುತ್ತೇನೆ". ಉಣ್ಣೆ ಹೆಕ್ಕುವ ಕಡೆ ಈ ಎರಡರಲ್ಲಿ ಯಾವುದನ್ನು ಆಡಿದರೂ ಮುಂದೇನಾಗುತ್ತದೆ ಎಂದು ತಾವು ಯೋಚಿಸಿದಂತಿಲ್ಲ. "ಮುಳ್ಳು ಚುಚ್ಚಿತು", "ಆ ಮೀಸೆ ನೋಡೇ" ಎಂಬ ದಿನಬಳಕೆಯ ಮಾತುಗಳು ತಮ್ಮ ಮೇಲ್ಮಟ್ಟದ ಪಟ್ಟಿಯೊಳಗೆ ಕಾಲಿಟ್ಟಿಲ್ಲ.

ಆದರೂ ಎರಡು ನಮಸ್ಕಾರ ಬಾಯಿಪಾಠ ಮಾಡಿದೆ. ಬೆಳಿಗ್ಗೆ ಗಾಬರಿಯಲ್ಲಿ ಬೆಟ್ಟದಕ್ಕನಿಗೆ "ಕಿಯಾ ಓರಾ" ಎಂದೆ, ದ್ವೀಪದಕ್ಕನಿಗೆ "ಅಲಿಲ್ಯಾಂಚು" ಎಂದೆ. ಅದಲುಬದಲಾಗಿದೆ ಎಂದು ಹೊಳೆದು ತಿದ್ದಿಕೊಳ್ಳುವಷ್ಟರಲ್ಲಿ ಇಬ್ಬರೂ, ಏನೂ ಆಗದವರಂತೆ, ಅದೇ ಅದಲುಬದಲಿನಲ್ಲೇ ಉತ್ತರ ಕೊಟ್ಟರು. ಇನ್ನೊಂದು ವಿಷಯವನ್ನೂ ತಮ್ಮ ಪುಟದಿಂದಲೇ ತಿಳಿದು ಊಟ ಸೇರದಂತಾಯಿತು: ಎರಡೂ ಭಾಷೆಗಳಲ್ಲಿ "ನಾವು" ಎರಡೆರಡು ಉಂಟಂತೆ, ಎದುರಿನವನನ್ನು ಸೇರಿಸಿಕೊಳ್ಳುವುದು ಒಂದು, ಹೊರಗಿಡುವುದು ಇನ್ನೊಂದು. ಇಡೀ ದಿನ ನನ್ನ ಎರಡೂ ಕಿವಿಗೆ "ನಾವು" ಬೀಳುತ್ತಿರುವಾಗ ನಾನು ಒಳಗಿದ್ದೇನೋ ಹೊರಗಿದ್ದೇನೋ ಎಂದು ಯಾರನ್ನು ಕೇಳಲಿ?

ಅಷ್ಟರಲ್ಲಿ ಮೇಲ್ವಿಚಾರಕರು ತಮ್ಮ ಪುಟವನ್ನು ಕೊನೆಯವರೆಗೂ ಓದಿಬಿಟ್ಟರು. ಭಾಷಾ ಕುಟುಂಬಗಳೇ ಬೇರೆ ಎಂದು ಅಡಿಯಲ್ಲಿತ್ತಂತೆ. "ಅರ್ಥ ಆಗದೇ ಇದ್ರೆ ಇವರು ನಗೋದು ಯಾತಕ್ಕೆ? ಬರೀ ಕಾಲಹರಣ" ಎಂದು, ಸೋಮವಾರದಿಂದ ದ್ವೀಪದಕ್ಕನನ್ನು ಕೆಳಗೆ ಉಣ್ಣೆ ತೊಳೆಯುವ ತೊಟ್ಟಿಯ ಕಡೆಗೆ ಹಾಕುತ್ತೇನೆ ಎಂದರು. ಅಲ್ಲಿ ಒಬ್ಬರೇ ಇರಬೇಕು. ಯಂತ್ರದ ಸದ್ದಿಗೆ ಯಾವ ಭಾಷೆಯೂ ಕೇಳಿಸುವುದಿಲ್ಲ. ಬೆಟ್ಟದಕ್ಕ ಅವತ್ತು ಒಂದೇ ಹಿಡಿ ಉಣ್ಣೆಯನ್ನು ಸಂಜೆಯವರೆಗೂ ಹೆಕ್ಕಿದರು. ನನಗೂ ಹೊಸ ಭಯ ಹಿಡಿಯಿತು: ಇನ್ನು ನನ್ನ ಮೀಸೆಗೆ ನಗುವವರು ಯಾರು?

ಧೈರ್ಯ ಮಾಡಿ, ಅಂದರೆ ನನ್ನಾಕೆ ಬಯ್ದು ಕಳಿಸಿದ್ದರಿಂದ, ಅವರಿಗೆ ಅರ್ಥವಾಗುತ್ತದೆ ಸಾರ್ ಎಂದುಬಿಟ್ಟೆ. ಒಂದು ಪರೀಕ್ಷೆ ನಿಗದಿಯಾಯಿತು. ಕಿಟಕಿ ಮುಚ್ಚಲು ಹೇಳಬೇಕೆಂದು ಮೇಲ್ವಿಚಾರಕರು ದ್ವೀಪದಕ್ಕನ ಕಿವಿಯಲ್ಲಿ ಉಸುರುವುದು, ಆಕೆ ಬೆಟ್ಟದಕ್ಕನಿಗೆ ಕೈಸನ್ನೆಯಿಲ್ಲದೆ ತನ್ನ ಭಾಷೆಯಲ್ಲಿ ಹೇಳುವುದು. ಇಡೀ ಕಾರ್ಖಾನೆ ನೆರೆಯಿತು. ದ್ವೀಪದಕ್ಕ ಕಿಟಕಿ ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಿದರು. ಬೆಟ್ಟದಕ್ಕ ಎದ್ದವರೇ ಕಿಟಕಿಗೆ ಬೆನ್ನು ತಿರುಗಿಸಿ, ನನ್ನ ರಟ್ಟೆ ಹಿಡಿದು, ಉಣ್ಣೆಯ ಮೂಟೆಯ ಮೇಲೆ ಕೂರಿಸಿ ನೀರು ಕುಡಿಸಿದರು.

"ಫೇಲು" ಎಂದರು ಮೇಲ್ವಿಚಾರಕರು.

ಆಗ ದ್ವೀಪದಕ್ಕ ಕಾರ್ಖಾನೆಯ ಮಾತಿನಲ್ಲಿ, "ಕಿಟಕಿ ಎಲ್ಲಿಗೂ ಓಡಿಹೋಗಲ್ಲ ಸಾರ್. ಈ ಅಣ್ಣ ಬೀಳ್ತಾರೆ, ಹಿಡ್ಕೋ ಅಂದೆ" ಎಂದರು. "ಹೌದು, ಹಂಗೇ ಅಂದ್ಲು" ಎಂದರು ಬೆಟ್ಟದಕ್ಕ. ಆಕೆಗೆ ಅರ್ಥವಾದದ್ದು ಮಾತೋ, ಸುಣ್ಣದಂತಾಗಿದ್ದ ನನ್ನ ಮುಖವೋ, ದೇವರೇ ಬಲ್ಲ. ಮೇಲ್ವಿಚಾರಕರು ತಲೆ ಕೆರೆದುಕೊಂಡು, ಆ ಪುಟವನ್ನು ಇನ್ನೊಂದು ಸಲ ನೋಡಿ ಸೋಮವಾರ ಹೇಳುತ್ತೇನೆಂದು ಹೋದರು.

ಆದಕಾರಣ ಮಾನ್ಯರೇ, ಸೋಮವಾರದೊಳಗೆ ಆ ಮಹಾಸಾಗರವನ್ನು ಸ್ವಲ್ಪ ಕಿರಿದು ಮಾಡಿ, ದ್ವೀಪವನ್ನು ಬೆಟ್ಟದ ಬುಡಕ್ಕೆ ಎಳೆದು ತಂದು ಕಟ್ಟಿಹಾಕಬೇಕಾಗಿ ವಿನಂತಿ. ಅದು ಕಷ್ಟವೆಂದರೆ, ಪಟ್ಟಿಯ ಅಡಿಯಲ್ಲಿ ಒಂದು ಸಾಲು ಸೇರಿಸಿದರೂ ಸಾಕು: ಎರಡೂ ಭಾಷೆಗಳಿಗೆ ಒಬ್ಬ ಅಣ್ಣ ಇದ್ದಾನೆ, ಸ್ವಲ್ಪ ಹೆದರುಪುಕ್ಕಲ.

ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತಾ,
ತಮ್ಮ ವಿಶ್ವಾಸಿ,
ನಡುವಿನ ಸ್ಟೂಲಿನವನು

ಬರೆಯುವಾಗ ಬಿಟ್ಟುಹೋದದ್ದು: ಆ ಕಿಟಕಿ ಇನ್ನೂ ತೆರೆದೇ ಇದೆ, ಮೇಲ್ವಿಚಾರಕರಿಗೆ ಜೋರು ನೆಗಡಿ. ಮುಚ್ಚಿ ಎಂದು ಕಾರ್ಖಾನೆಯ ಮಾತಿನಲ್ಲೇ ಎಲ್ಲರಿಗೂ ಹೇಳುತ್ತಾ ಓಡಾಡುತ್ತಿದ್ದಾರೆ. ಯಾಕೋ ಏನೋ, ನಮ್ಮಲ್ಲಿ ಒಬ್ಬರಿಗೂ ಅರ್ಥವಾಗುತ್ತಿಲ್ಲ.