ಮೀನಿನ ಹೃದಯವೂ ನನ್ನ ಸಿಟ್ಟೂ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅದೂ ಅಕ್ಕಪಕ್ಕದವರಿಗೆಲ್ಲ ಅರ್ಥವಾಗಲಿ ಎಂದು ತಮಿಳಿನಲ್ಲಿ. ಇಲ್ಲಿನ ಗಿಂಡಿ ಬಡಾವಣೆಯ ಒಂದು ಸಂಶೋಧನಾಲಯದಲ್ಲಿ ಮೈಕ್ರೋಸ್ಕೋಪ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಹೊಸ ಯಂತ್ರ ಬಂತು. ಹಾಳೆಯಷ್ಟು ತೆಳ್ಳಗಿನ ಲೇಸರ್ ಬೆಳಕು ಹಾಯಿಸಿ, ಅಕ್ಕಿಕಾಳಿಗಿಂತ ಚಿಕ್ಕ ಮೀನಿನ ಮರಿಯ ಹೃದಯ ಬಡಿಯುವುದನ್ನು ಅದು ಕೊಯ್ಯದೆ, ಕೊಲ್ಲದೆ ತೋರಿಸುತ್ತದೆ. ರಕ್ತದ ಒಂದೊಂದು ಕಣ ಓಡುವ ವೇಗವನ್ನೂ ಅಳೆಯುತ್ತದೆ. ಮೊದಲ ದಿನ ಅದನ್ನು ನೋಡಿ ನನ್ನಂಥವನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಆದರೆ ಶೈಲಜಾ ತೆಗೆದ ಚಿತ್ರಗಳೆಲ್ಲ ಮಸುಕು. ಶೈಲಜಾ ನಮ್ಮ ಸಂಶೋಧನಾ ವಿದ್ಯಾರ್ಥಿನಿ. ಉಡುಪಿ ಕಡೆಯವಳು, ಅಪ್ಪನದು ಇದೇ ಊರಿನ ಕೀಲ್ಪಾಕ್‌ನಲ್ಲಿ ಹೋಟೆಲು. ಮೂರು ವಾರ ಹೃದಯ ಬಡಿಯುವುದರ ಬದಲು ಇಡೀ ಮೀನೇ ನಡುಗುತ್ತಿತ್ತು. ನಾನು ಮೊದಲು, ಕಟ್ಟಡದ ಪಕ್ಕದಲ್ಲೇ ನೆಲ ನಡುಗಿಸುತ್ತ ಓಡುವ ರೈಲನ್ನು ಬೈದೆ. ಆಮೇಲೆ ಎ.ಸಿ. ರಿಪೇರಿಯವನನ್ನು ಹಿಡಿದು ಕೂಗಾಡಿದೆ. ಅವನು ಸ್ಪ್ಯಾನರ್ ಚೀಲಕ್ಕೆ ಹಾಕಿಕೊಳ್ಳುತ್ತ, "ಏಸಿ ದಾನ್ ಸಾರ್, ಪೂಕಂಬಂ ಇಲ್ಲೆ" ಎಂದ. ಎ.ಸಿ.ಯಂತೆ, ಭೂಕಂಪ ಅಲ್ಲವಂತೆ! ಆ ಉಳಿದ ಸಿಟ್ಟನ್ನು ತಂದು ಶೈಲಜಾಳ ಮೇಲೆ ಸುರಿದೆ.

"ಮೀನನ್ನು ಅಲ್ಲಾಡದ ಹಾಗೆ ಆ ಅಂಟು ಜೆಲ್ಲಿಯಲ್ಲಿ ಸರಿಯಾಗಿ ಕೂರಿಸೋಕೂ ಬರೋಲ್ವೇನಮ್ಮ ನಿನಗೆ?"

"ಸರಿಯಾಗೇ ಕೂರಿಸಿದ್ದೇನೆ ಸರ್."

"ಹಾಗಾದ್ರೆ ನಡುಗ್ತಿರೋದು ಯಾಕೆ? ನನ್ನ ಹೆದರಿಕೆಗಾ?"

ಅವಳು ಮುಖ ತಿರುಗಿಸಿದಳು. ಪ್ರೊಫೆಸರರು ಅವಳಿಗೆ ಇನ್ನೊಂದು ವಾರ ಗಡುವು ಕೊಟ್ಟಿದ್ದರು. ಆಗದಿದ್ದರೆ ಎರಡು ವರ್ಷದ ಕೆಲಸ ಬಿಟ್ಟು ಬೇರೆ ವಿಷಯ ಹಿಡಿಯಬೇಕಿತ್ತು. ಇದು ಗೊತ್ತಿದ್ದೂ ನಾನು ಬೈದೆ.

ಮರುದಿನ ಬೆಳಿಗ್ಗೆ ಅವಳು ಮೀನಿನ ಬದಲು ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಜೆಲ್ಲಿಯಲ್ಲಿಟ್ಟಳು. "ನೀವು ಕಾಫಿ ಕುಡಿದು ಬನ್ನಿ ಸರ್" ಎಂದಳು. ಬಂದು ನೋಡುತ್ತೇನೆ, ಪರದೆಯ ಮೇಲೆ ಮಣಿಗಳು ನಕ್ಷತ್ರಗಳ ಹಾಗೆ ನಿಶ್ಚಲ. "ನೋಡಿದ್ಯಾ? ಮೀನಿನದೇ ತಪ್ಪು!" ಎಂದು ಗೆದ್ದವನಂತೆ ಯಂತ್ರದ ಮೇಜಿನ ಪಕ್ಕದ ನನ್ನ ಕುರ್ಚಿಯಲ್ಲಿ ಕೂತೆ. ಅರೆ ನಿಮಿಷದಲ್ಲಿ ಮಣಿಗಳೆಲ್ಲ ಕುಣಿಯತೊಡಗಿದವು.

"ನಿಮ್ಮ ಬಲಗಾಲು ಸರ್," ಎಂದಳು ಶೈಲಜಾ, ಮೆಲ್ಲಗೆ. "ಆಡಿಸ್ತಾನೇ ಇರ್ತೀರಿ. ಮೊಣಕಾಲು ಮೇಜಿಗೆ ತಾಗ್ತದೆ. ಸಿಟ್ಟು ಬಂದಾಗ ಇನ್ನೂ ಜೋರು."

ಕೆಳಗೆ ನೋಡಿದೆ. ಕಾಲು ಆಡುತ್ತಲೇ ಇತ್ತು, ನನಗೂ ತನಗೂ ಸಂಬಂಧವೇ ಇಲ್ಲದ ಹಾಗೆ. ನೆಲದ ನಡುಕ ಮೇಲೆ ಬಾರದಂತೆ ಗಾಳಿಯ ದಿಂಬುಗಳ ಮೇಲೆ ಕೂರಿಸಿದ ಮೇಜು ಅದು. ರೈಲನ್ನು ತಡೆದಿತ್ತು, ನನ್ನನ್ನು ತಡೆದಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದರೆ "ಮೊದಲೇ ಹೇಳೋದಲ್ವಾ!" ಎಂಬ ಕೂಗು ಹೊರಬಂತು. ಕೂಗಿದ ಮೇಲೆ ನಾಚಿಕೆಯಾಯಿತು. ನೇರ ಪ್ರೊಫೆಸರರ ಬಳಿ ಹೋಗಿ, ತಪ್ಪು ಹುಡುಗಿಯದಲ್ಲ, ನನ್ನ ಮೊಣಕಾಲಿನದು ಎಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಮೇಲೂ ಸಿಟ್ಟು ಬಂತು.

ಶೈಲಜಾಳ ಕೆಲಸ ಉಳಿಯಿತು. ಅವಳ ಲೇಖನ ಅಚ್ಚಾಗಿದೆ, ಅದರ ಕೊನೆಯಲ್ಲಿ ನನಗೂ ಕೃತಜ್ಞತೆ ಹೇಳಿದ್ದಾಳೆ: "ಚಿತ್ರ ತೆಗೆಯುವಾಗ ಕೋಣೆಯಿಂದ ಹೊರಗಿದ್ದು ಸಹಕರಿಸಿದ್ದಕ್ಕೆ." ಓದಿ ಮೈ ಉರಿಯಿತು. ಏನು ಮಾಡಲಿ, ಒಂದಕ್ಷರವೂ ಸುಳ್ಳಿಲ್ಲ.