ಮೊದಲ ಸೀಟಿನ ಕೆಂಪಂಚಿನ ಟವೆಲ್ ಅವರ ಸನ್ನಿಧಿಗೆ

ಗದಗ-ಬೆಟಗೇರಿ ಸಿಟಿ ಬಸ್ಸಿನಲ್ಲಿ, ಡ್ರೈವರನ ಬೆನ್ನ ಹಿಂದಿನ ಮೊದಲನೆಯ ಸೀಟಿನ ಮೇಲೆ ದಿನಾಲು ಮುಂಜಾನೆ ಒಂಬತ್ತಕ್ಕೆ ವಿರಾಜಮಾನರಾಗುವ ಶ್ರೀಮಾನ್ ಕೆಂಪಂಚಿನ ಟವೆಲ್ ಅವರಿಗೆ, ಬೆಟಗೇರಿಯ ಮುತ್ತವ್ವ ಹೊಂಬಳ ಮಾಡುವ ಅನಂತ ಶರಣುಶರಣಾರ್ಥಿಗಳು. ತಮ್ಮ ಪಾದ ಮುಟ್ಟಬೇಕೆಂದು ಹುಡುಕಿದೆ. ಎರಡೂ ತುದಿಯಲ್ಲಿ ದಶಿ ಬಿಟ್ಟರೆ ಬೇರೇನೂ ಕೈಗೆ ಸಿಗಲಿಲ್ಲವಾದ್ದರಿಂದ ಆ ದಶಿಗೇ ನಮಸ್ಕರಿಸಿದ್ದೇನೆ.

ಮಾನ್ಯರೇ,

ಇಂದು ಸೋಮವಾರ, ನನ್ನದು ಒಪ್ಪತ್ತು. ಸಂಜೆ ದೀಪ ಹಚ್ಚುವ ತನಕ ಚಹಾ ಬಿಟ್ಟರೆ ಬಾಯಿಗೆ ಬೇರೇನೂ ಇಲ್ಲ, ಆದ್ದರಿಂದ ಈ ಪತ್ರದಲ್ಲಿ ಎಲ್ಲಿಯಾದರೂ ಸಿಟ್ಟು ಕಂಡರೆ ಅದು ಹೊಟ್ಟೆಯದೆಂದು ತಿಳಿದು ಕ್ಷಮಿಸಬೇಕು. ನಮ್ಮ ಓಣಿಗೆ ನಳ ಬರುವ ಪಾಳಿಯೂ ಇಂದೇ ಇದ್ದುದರಿಂದ ಐದಕ್ಕೆ ಎದ್ದು ಹಂಡೆ, ಕೊಡ, ಬಕೀಟು ಎಲ್ಲ ತುಂಬಿ, ಅಂಗಳಕ್ಕೆ ನೀರು ಹೊಡೆದು, ಲಿಂಗಪೂಜೆ ಮುಗಿಸಿ, ಒಪ್ಪತ್ತು ಅಂದರೇನೆಂದೇ ತಿಳಿಯದ ನನ್ನ ನಾಯಿಗೆ ಹೊಟ್ಟೆ ತುಂಬ ಹಾಕಿ, ಕೊನೆಗೆ ತಮಗೆ ಸಬಕಾರ ಹಚ್ಚಿ ಒಗೆದು ಹಗ್ಗದ ಮೇಲೆ ಹರವಿದ್ದೇನೆ. ತಾವು ನಮ್ಮ ಮನೆಗೆ ಬಂದು ಆರು ದಿನವಾಯಿತು. ಇಷ್ಟು ದೊಡ್ಡವರು ಬಂದಾಗ ಮಾಡಬೇಕಾದ ಉಪಚಾರದಲ್ಲಿ ಏನಾದರೂ ಕೊರತೆಯಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಈ ಪತ್ರವನ್ನು ನಾನು ಹೇಳಿದಂತೆ ಬರೆಯುತ್ತಿರುವವಳು ನಮ್ಮ ಪಕ್ಕದ ಮನೆಯ ತಸ್ಲೀಮ. ಹೊಂಬಳದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವಳು ನಾನು, ನನ್ನ ಅಕ್ಷರ ದುಂಡಗಿದ್ದವು. ಆದರೆ ಹನ್ನೆರಡು ವರ್ಷದ ಹಿಂದೆ ಎರಡೂ ಕಣ್ಣು ಹೋದ ಮೇಲೆ ಬರೆದದ್ದು ಸಾಲಿನ ಮೇಲೆ ನಿಲ್ಲುವುದಿಲ್ಲ. "ಟಾವೆಲ್ಲಿಗೆ ಪತ್ರ ಬರಸಾಕತ್ತೀಯಲ್ಲವಾ, ಒಪ್ಪತ್ತು ತಲಿಗೆ ಏರೈತಿ ನಿನಗ" ಎಂದು ತಸ್ಲೀಮ ಬೈಯುತ್ತಿದ್ದಾಳೆ, ಬೈಯುತ್ತಲೇ ಬರೆಯುತ್ತಿದ್ದಾಳೆ. ಮುಗಿದ ಮೇಲೆ ಇದನ್ನು ತಮ್ಮ ಸೀಟಿನ ಪಕ್ಕದ ಗಾಜಿಗೆ ಅಂಟಿಸುವುದಾಗಿ ಕಂಡಕ್ಟರ್ ವೀರೇಶ ಮಾತು ಕೊಟ್ಟಿದ್ದಾನೆ. ತಮಗೆ ಓದಲು ಬರದಿದ್ದರೆ ತಮ್ಮ ಮೇಲೆ ಕುಳಿತವರು ಓದಿ ಹೇಳಲಿ.

ನನ್ನ ನಾಯಿಯ ವಿಷಯ ತಮಗೆ ಮೊದಲು ತಿಳಿಸಬೇಕು, ಯಾಕೆಂದರೆ ಜಗಳ ತಮ್ಮಿಬ್ಬರ ನಡುವಿನದು. ಕುರುಡರಿಗೆ ದಾರಿ ತೋರಿಸುವ ವಿದ್ಯೆ ಕಲಿತ ನಾಯಿ ಅವನು. ದೂರದ ಊರಿನ ತರಬೇತಿ ಶಾಲೆಯಲ್ಲಿ ಮೂರು ವಾರ ಅವನ ಜೊತೆ ನನ್ನನ್ನೂ ಇಟ್ಟುಕೊಂಡು ಇಬ್ಬರಿಗೂ ಒಟ್ಟಿಗೇ ಪಾಠ ಹೇಳಿದರು. ಅಲ್ಲಿ ಅವನಿಗೆ ಇಟ್ಟ ಹೆಸರು ಹೀರೋ; ಬದಲಿಸಿದರೆ ಗೊಂದಲವಾಗುತ್ತದೆ, ಅದೇ ಹೆಸರು ಇರಲಿ ಎಂದರು. ಗೊಂದಲ ಅವನಿಗೇನೂ ಆಗಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿಕೊಂಡ ಐವತ್ತು ವರ್ಷದ ಹೆಣ್ಣುಮಗಳು ಬೆಟಗೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಹೀರೋ, ಹತ್ರ ಬಾ" ಎಂದು ಕೂಗಿದರೆ ನಾಲ್ಕು ಗಂಡಸರು ತಿರುಗಿ ನೋಡುತ್ತಾರಂತೆ, ತಸ್ಲೀಮ ಎಣಿಸಿದ್ದಾಳೆ.

ನಮ್ಮ ಬಸ್ಸಿನ ಪದ್ಧತಿ ಕಲಿಯಲು ಅವನಿಗೆ ಬಹಳ ಕಷ್ಟವಾಯಿತು. ಬಸ್ಸು ನಿಲ್ದಾಣದಲ್ಲಿ ನಿಲ್ಲುತ್ತದೆ ಎಂದು ಶಾಲೆಯಲ್ಲಿ ಅವನಿಗೆ ಯಾರೋ ಸುಳ್ಳು ಹೇಳಿ ಕಳಿಸಿದ್ದರು. ಅವನು ಕಂಬದ ಕೆಳಗೆ ಶಿಸ್ತಾಗಿ ನಿಲ್ಲುತ್ತಿದ್ದ, ಬಸ್ಸು ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿತ್ತು, ಊರೆಲ್ಲ ಅದರ ಹಿಂದೆ ಓಡುತ್ತಿತ್ತು, ಅವನು ಮಾತ್ರ ಓಡಲೊಲ್ಲ. ಒಂದು ವಾರ ಬಸ್ಸು ತಪ್ಪಿಸಿಕೊಂಡ ಮೇಲೆ ಅವನೇ ಒಂದು ದಾರಿ ಕಂಡುಕೊಂಡ: ಈಗ ಕಂಬದಿಂದ ಇಪ್ಪತ್ತು ಹೆಜ್ಜೆ ಮುಂದೆ ಹೋಗಿಯೇ ನಿಲ್ಲುತ್ತಾನೆ. ಮೊದಲ ಸಲ ಹತ್ತಿದಾಗ ವೀರೇಶ "ಅವ್ವಾರ, ನಿಮಗೇನೋ ಫ್ರೀ ಐತ್ರಿ, ಇದು ಹೆಣ್ಣೋ ಗಂಡೋ?" ಎಂದು ಕೇಳಿದ. ಗಂಡು ಎಂದೆ. "ಹಂಗಾರ ಫ್ರೀ ಬರಂಗಿಲ್ಲ ನೋಡ್ರಿ" ಎಂದು ಬಸ್ಸು ನಿಲ್ಲಿಸಿ ಮೇಲಿನವರಿಗೆ ಫೋನು ಹಚ್ಚಿ, ಹತ್ತು ನಿಮಿಷ ಮಾತಾಡಿ, ಅವನ ಕೊರಳಲ್ಲಿದ್ದ ಗುರುತಿನ ಚೀಟಿ ಮೂರು ಸಲ ಓದಿದ ಮೇಲೆ ಬಿಟ್ಟ. ಅದೇ ಹೊತ್ತಿನಲ್ಲಿ ತಾವು ಮೊದಲನೆಯ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದಿರಿ. ತಮ್ಮ ಗುರುತಿನ ಚೀಟಿಯನ್ನು ಇಲ್ಲಿಯ ತನಕ ಯಾರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಾನು "ಸೀಟ್" ಎಂದರೆ ಹೀರೋ ಖಾಲಿ ಸೀಟು ಹುಡುಕಿ ಅದರ ಮೇಲೆ ಗದ್ದ ಇಡಬೇಕು. ಅವನ ತಲೆ ಹಿಡಿದು ನಾನು ಸೀಟಿಗೆ ಕೈ ಮುಟ್ಟಿಸಬೇಕು. ನಾನು ಕುಳಿತ ಮೇಲೆ ಅವನು ಕಾಲ ಬುಡಕ್ಕೆ ಮಲಗಬೇಕು. ಇದು ಅವರು ಕಲಿಸಿದ ಕ್ರಮ. ಅಂದು ಅವನು ಸೀದಾ ಹೋಗಿ ಅಂಗವಿಕಲರಿಗೆ ಮೀಸಲು ಎಂದು ಬರೆದ, ಅಂದರೆ ತಮ್ಮ, ಸೀಟಿನ ಮೇಲೆ ಗದ್ದ ಇಟ್ಟ. ಕೈಯಾಡಿಸಿದೆ, ಮೆತ್ತಗೆ, ಬೆಚ್ಚಗೆ ಏನೋ ಸಿಕ್ಕಿತು. ಯಾರೋ ಕೂಸನ್ನು ಮಲಗಿಸಿದ್ದಾರೆಂದು ತಿಳಿದು ಗಾಬರಿಯಾಗಿ "ತಪ್ಪಾತವಾ, ಮಲಕ್ಕೋ ಮಲಕ್ಕೋ" ಎಂದು ತಮ್ಮನ್ನು ತಟ್ಟಿದೆ. ಬಸ್ಸೆಲ್ಲ ನಕ್ಕಿತು. ಕಿಟಕಿಯ ಹೊರಗಿನಿಂದ "ಸೀಟ್ ಹಿಡದೈತ್ರಿ!" ಎಂದು ಒಂದು ದನಿ ಬಂತು. ಬೆಟಗೇರಿಯಿಂದ ಗದಗಿನ ತನಕ ತಾವು ಹಿಡಿದ ಸೀಟಿನ ಪಕ್ಕದಲ್ಲಿ ನಾವಿಬ್ಬರೂ ನಿಂತೇ ಹೋದೆವು, ಹೀರೋನ ಬಾಲವನ್ನು ಮೂವರು ತುಳಿದರು.

ಅಂದಿನಿಂದ ತಮ್ಮ ಬಗ್ಗೆ ನನಗಿರುವ ಭಕ್ತಿಯನ್ನು ಹೇಗೆ ಹೇಳಲಿ? ಹೊಟ್ಟೆ ಇಲ್ಲ, ಕಾಲಿಲ್ಲ, ನೋವಿಲ್ಲ, ಆದರೂ ಕುಳಿತವರು ತಾವು. ಬಸ್ಸು ತಿರುವಿನಲ್ಲಿರುವಾಗಲೇ ಕಿಟಕಿಯಿಂದ ಹಾರಿ ಒಳಗೆ ಇಳಿಯುವ ತಮ್ಮ ಶೌರ್ಯ, ಒಬ್ಬರೂ ಎಬ್ಬಿಸದ ತಮ್ಮ ಗಾಂಭೀರ್ಯ, ಬಸುರಿ ಹೆಂಗಸು ಎದುರಿಗೆ ನಿಂತರೂ ಮುಖ ಕೆಡಿಸಿಕೊಳ್ಳದ ತಮ್ಮ ವೈರಾಗ್ಯ, ಇವು ಯಾವ ಮಠದಲ್ಲಿ ಕಲಿಸುತ್ತಾರೆಂದು ತಿಳಿಸಿದರೆ ನಾನೂ ಹೋಗಿ ಸೇರುತ್ತೇನೆ. ನಮ್ಮ ಊರಿನವರೆಲ್ಲ ತಮ್ಮ ಕಾನೂನನ್ನು ಒಪ್ಪಿಕೊಂಡಿದ್ದಾರೆ. ಒಪ್ಪದವನು ನನ್ನ ನಾಯಿ ಒಬ್ಬನೇ. ಮನುಷ್ಯರಿಲ್ಲದ ಸೀಟು ಖಾಲಿ ಎಂದೇ ಅವನ ಕಣ್ಣಿಗೆ ಕಾಣುತ್ತದೆ. ಹೊರಗಿನಿಂದ ಬಂದವನು, ತಿಳಿವಳಿಕೆ ಕಡಿಮೆ.

ಈ ಸಂದರ್ಭದಲ್ಲಿ ಯಂಕಪ್ಪನವರನ್ನು ನೆನೆಯದಿದ್ದರೆ ನಾನು ಕೃತಘ್ನಳಾಗುತ್ತೇನೆ. ಯಾವುದೋ ದೊಡ್ಡ ಕಚೇರಿಯಲ್ಲಿದ್ದು ನಿವೃತ್ತರಾದವರು, ದಿನಾಲು ಅದೇ ಬಸ್ಸಿಗೆ ಬರುತ್ತಾರೆ, ಬಾಯಲ್ಲಿ ಸದಾ ಲವಂಗ. ನಾನು ನಿಂತದ್ದನ್ನು ಕಂಡು ಇಡೀ ಬಸ್ಸಿನಲ್ಲಿ ಮರುಗುವವರು ಅವರೊಬ್ಬರೇ. "ಪಾಪ, ಕಣ್ಣಿಲ್ಲದಾಕಿ ನಿಂತಾಳ, ಒಬ್ಬರಿಗರ ಮಾನುಷತ್ವ ಐತೇನ್ರಿ? ಅಂಗವಿಕಲರ ಸೀಟಿಗೆ ಟಾವೆಲ್ ಹಾಕಾವ್ರಿಗೆ ನಾಚಿಕಿ ಬರಬೇಕು!" ಎಂದು ಗದಗು ಬರುವ ತನಕ ಹೇಳುತ್ತಾರೆ. ಅವರು ಹೀಗೆ ಹೇಳುವಾಗಲೆಲ್ಲ ಹಿಂದಿನವರಿಗೆ ಯಾಕೋ ಕೆಮ್ಮು ಬರುತ್ತದೆ. ಒಂದೇ ಒಂದು ಸಂಗತಿ ನನಗೆ ತಿಳಿಯುತ್ತಿರಲಿಲ್ಲ: ಅವರ ದನಿ ಯಾವಾಗಲೂ ನನ್ನ ಸೊಂಟದ ಎತ್ತರದಿಂದ ಬರುತ್ತಿತ್ತು. ಪಾಪ, ಬಹಳ ಗಿಡ್ಡ ಇದ್ದಾರೇನೋ ಎಂದುಕೊಂಡಿದ್ದೆ.

ಹೋದ ಮಂಗಳವಾರ ಏನಾಯಿತೆಂಬುದು ತಮಗೆ ಗೊತ್ತೇ ಇದೆ. ಬಾಗಿಲಲ್ಲಿ ಗದ್ದಲ ಬಹಳವಿತ್ತು, ವೀರೇಶ ನಮ್ಮಿಬ್ಬರನ್ನು ಮೊದಲು ಹತ್ತಿಸಿದ. "ಸೀಟ್" ಎಂದೆ. ಹೀರೋ ಗದ್ದ ಇಟ್ಟ, ತಾವು ಅಡ್ಡ ಬಂದಿರಿ. ಅವನು ಒಂದು ಕ್ಷಣ ಯೋಚಿಸಿ ತಮ್ಮನ್ನು ಬಾಯಲ್ಲಿ ಮೆಲ್ಲಗೆ ಎತ್ತಿ, ಹಲ್ಲು ತಾಗಿಸದೆ, ನನ್ನ ಕೈಗೆ ಕೊಟ್ಟ. ಬಿದ್ದದ್ದನ್ನು ಎತ್ತಿ ಕೊಡುವುದು ಅವನ ಕುಲದ ಗುಣವಂತೆ. "ಏ, ನಾಯಿ ಟಾವೆಲ್ ಎತ್ತಿತಲೇ!" ಎಂದು ಹಿಂದೆ ಯಾರೋ ಕೂಗಿದರು. ನಾನು ಕುಳಿತೆ. ಕುಳಿತು, "ಯಾರದ್ರೀ ಈ ಟಾವೆಲ್ಲು? ತಗೋರಿ" ಎಂದು ಮೂರು ಸಲ ಕೇಳಿದೆ. ಆಗ ಲವಂಗದ ವಾಸನೆಯ ಜೊತೆ ಯಂಕಪ್ಪನವರ ದನಿ ಬಂತು: "ಕುಂಡ್ರವಾ, ಕುಂಡ್ರು, ಛಲೋ ಆತು." ಅಂದು ಆ ದನಿ ನನ್ನ ತಲೆಯ ಮೇಲಿಂದ ಬಂತು. ಒಂದೇ ರಾತ್ರಿಯಲ್ಲಿ ಮನುಷ್ಯ ಇಷ್ಟು ಎತ್ತರ ಬೆಳೆದದ್ದನ್ನು ನಾನು ಎಲ್ಲಿಯೂ ಕೇಳಿಲ್ಲ. "ವಾರಸದಾರಿಲ್ಲದ್ದು ಐತ್ರಿ ಅವ್ವಾರ, ಮನಿಗೆ ಒಯ್ರಿ" ಎಂದ ವೀರೇಶ. ಹಾಗೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ.

ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಬೇಕಾಗಿರಲಿಲ್ಲ. ತಪ್ಪು ನನ್ನದೇ, ಸೀಟು ಸಿಕ್ಕ ಹಿಗ್ಗಿನಲ್ಲಿ ಹೀರೋನ ಬೆನ್ನು ತಟ್ಟಿ "ಶಾಣ್ಯಾ" ಎಂದುಬಿಟ್ಟೆ. ಮರುದಿನ ಅವನು ಎರಡು ಟವೆಲ್, ಒಂದು ಕರವಸ್ತ್ರ, ಒಬ್ಬ ಮಾಸ್ತರರ ಊಟದ ಚೀಲ ತಂದು ನನ್ನ ತೊಡೆಯ ಮೇಲೆ ರಾಶಿ ಹಾಕಿದ. ಆ ಗದ್ದಲದ ಸುದ್ದಿ ತರಬೇತಿ ಶಾಲೆಯ ಶೀತಲ್ ಮೇಡಂ ಅವರಿಗೆ ಮುಟ್ಟಿತು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕೆಲಸದಲ್ಲಿರುವ ನಾಯಿ ಯಾವ ವಸ್ತುವಿಗೂ ಬಾಯಿ ಹಾಕಬಾರದು. ಬರುವ ಬುಧವಾರ ಖುದ್ದಾಗಿ ಒಂಬತ್ತರ ಬಸ್ಸಿನಲ್ಲಿ ಹಿಂದೆ ಕುಳಿತು ನೋಡುವುದಾಗಿಯೂ, ಒಂದೇ ಒಂದು ಟವೆಲ್ ಎತ್ತಿದರೂ ಹೀರೋನನ್ನು ವಾಪಸು ಕರೆದುಕೊಂಡು ಹೋಗುವುದಾಗಿಯೂ, ಮತ್ತೆ ಕಳಿಸುವುದು ಯಾವಾಗ ಎಂದು ಈಗಲೇ ಹೇಳಲಾಗದೆಂದೂ ಫೋನಿನಲ್ಲಿ ತಿಳಿಸಿದ್ದಾರೆ.

ಮಾನ್ಯರೇ, ಹನ್ನೆರಡು ವರ್ಷ ನಾನು ಯಾರದಾದರೂ ಮೊಣಕೈ ಬಿಡುವಾಗುವ ತನಕ ಕಟ್ಟೆಯ ಮೇಲೆ ಕುಳಿತು ಕಾಯ್ದವಳು. ಮೊಣಕೈ ಸಂತೆಗೆ ಹೊರಟರೆ ನಾನೂ ಸಂತೆಗೆ, ಮೊಣಕೈಗೆ ಬೇಸರವಾದರೆ ನಾನೂ ಮನೆಗೆ. ಎರಡು ವಾರದ ಹಿಂದಿನ ಸೋಮವಾರ, ನಾನು ದಿನಾಲು ರೊಟ್ಟಿ ಬಡಿಯಲು ಹೋಗುವ ಗದಗಿನ ರೊಟ್ಟಿ ಕೇಂದ್ರಕ್ಕೆ ಸೂಟಿ ಇತ್ತು. ತಮ್ಮಂಥವರು ಯಾರೂ ಇರದ ಮಧ್ಯಾಹ್ನದ ಬಸ್ಸು ಹಿಡಿದು ಹೀರೋ ಜೊತೆ ನಾನೊಬ್ಬಳೇ ತ್ರಿಕೂಟೇಶ್ವರನ ಗುಡಿಗೆ ಹೋದೆ. ಅವನು ಹೊರಗಿನ ನೆರಳಲ್ಲಿ ಮಲಗಿದ. ಒಳಗೆ ಕಂಬದ ಕೆತ್ತನೆಯ ಮೇಲೆ ಕೈಯಾಡಿಸುತ್ತ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. "ಆತಿಲ್ಲವಾ? ನಡಿ ಇನ್ನ" ಎನ್ನುವವರು ಅಂದು ಯಾರೂ ಇರಲಿಲ್ಲ. ದೇವರ ಎದುರಿಗೆ ನನಗೆ ಬೇಕಾದಷ್ಟು ಹೊತ್ತು ನಿಂತದ್ದು ಹನ್ನೆರಡು ವರ್ಷದಲ್ಲಿ ಅದೊಂದೇ ಸಲ. ಬುಧವಾರ ಹೀರೋ ಹೋದರೆ ಅದೇ ಕೊನೆಯದೂ ಆಗುತ್ತದೆ.

ಆದ್ದರಿಂದ ಮನೆಯಲ್ಲಿ ತಮ್ಮನ್ನೇ ಗುರುಗಳಾಗಿ ಇಟ್ಟುಕೊಂಡು ಪಾಠ ನಡೆಸಿದ್ದೇನೆ. ಕುರ್ಚಿಯ ಮೇಲೆ ತಮ್ಮನ್ನು ಕೂಡಿಸಿ, ಹೀರೋನಿಗೆ ಪಟ್ಟಿ ಕಟ್ಟಿ, "ಸೀಟ್" ಎನ್ನುತ್ತೇನೆ. ಅವನು ಗದ್ದ ಇಡುತ್ತಾನೆ, ತಮ್ಮನ್ನು ನೋಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಬಿಟ್ಟುಬಿಡುತ್ತಾನೆ. ಹತ್ತರಲ್ಲಿ ಒಂಬತ್ತು ಸಲ. ಹತ್ತನೆಯದಕ್ಕೆ ತಡೆಯಲಾಗದೆ ತಂದು ಕೈಗೆ ಕೊಟ್ಟು, ಶಾಣ್ಯಾ ಅನ್ನು ಎಂದು ಬಾಲ ಅಲ್ಲಾಡಿಸುತ್ತಾನೆ. ಆ ಹತ್ತನೆಯದು ಬುಧವಾರ ಒಂಬತ್ತಕ್ಕೆ ಬಂದರೆ ನಾನು ಯಾರ ಮುಂದೆ ಅಳಲಿ? ತಮ್ಮ ಜಾಗವೇನೂ ಖಾಲಿ ಉಳಿದಿಲ್ಲ. ಮೊನ್ನೆಯಿಂದ ತಮ್ಮ ಸಹೋದರರೊಬ್ಬರು ಅಲ್ಲಿ ಆಸೀನರಾಗಿದ್ದಾರೆ. ಅವರಿಗೂ ಲವಂಗದ ವಾಸನೆ. ಯಂಕಪ್ಪನವರ ದನಿಯೂ ಮತ್ತೆ ನನ್ನ ಸೊಂಟಕ್ಕೆ ಇಳಿದಿದೆ. ಎತ್ತರ ಅವರಿಗೆ ಒಗ್ಗಲಿಲ್ಲವೆಂದು ಕಾಣುತ್ತದೆ.

ಹೀಗಿರುವಾಗ ತಮ್ಮಲ್ಲಿ ಕೈಮುಗಿದು ಕೇಳುವುದಿಷ್ಟು. ಬುಧವಾರ ಒಂದು ದಿನ ತಮ್ಮ ಸಹೋದರರು ಸೀಟು ಬಿಟ್ಟು ಮೇಲಿನ ಸರಳು ಹಿಡಿದು ನಿಂತು ಪ್ರಯಾಣಿಸಬೇಕು. ಅದಾಗದಿದ್ದರೆ ಹೀರೋ ಹತ್ತಿರ ಬಂದಾಗ "ನಾ ಇಲ್ಲೇ ಅದೀನಿ" ಎಂದು ಒಂದು ಸಲ ಕೆಮ್ಮಬೇಕು. ಅದೂ ಆಗದಿದ್ದರೆ ಎದ್ದು ನನ್ನನ್ನು ಕೂಡಿಸಿ, ಆಮೇಲೆ ನನ್ನ ತೊಡೆಯ ಮೇಲೆ ಅವರು ಕುಳಿತರೂ ನನ್ನ ತಕರಾರಿಲ್ಲ. ಕೂಸೆಂದೇ ತಿಳಿದು ಗದಗಿನ ತನಕ ತಟ್ಟುತ್ತ ಬರುತ್ತೇನೆ. ಇಷ್ಟೂ ಕಷ್ಟವೆನಿಸಿದರೆ ಹೆಗಲ ಮೇಲೇ ಇರಬೇಕು. ಹೆಗಲೂ ಒಳ್ಳೆಯ ಸೀಟೇ. ತಮ್ಮ ಹಿರಿಯರೆಲ್ಲ ಅಲ್ಲೇ ಕುಳಿತು ಮಾನ ಗಳಿಸಿದವರು.

ಹಸಿದ ಹೊಟ್ಟೆಯಲ್ಲಿಯೂ ಒಳಿತನ್ನೇ ಬಯಸುವ, ತಮ್ಮ ವಿಶ್ವಾಸಿ,
ಮುತ್ತವ್ವ ಹೊಂಬಳ
(ಪಕ್ಕದಲ್ಲಿ ಹೀರೋನ ಮುಂಗಾಲಿನ ಗುರುತು)

ತಾ.ಕ.: ತಮ್ಮನ್ನು ಮೂರು ಸಲ ಒಗೆದೆ, ಲವಂಗ ಹೋಗಲೊಲ್ಲದು. ಬುಧವಾರ ಮಡಿಕೆ ಹಾಕಿ ಚೀಲದಲ್ಲಿ ತರುತ್ತೇನೆ, ವಾರಸದಾರರು ಬಂದು ಒಯ್ಯಲಿ, ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಈ ಪತ್ರದ ಉತ್ತರವನ್ನು ಅಂದೇ ಒಂಬತ್ತರ ಬಸ್ಸಿನಲ್ಲಿ ಯಾರಾದರೂ ನನ್ನ ಕೈಗೆ ತಂದುಕೊಡಬೇಕು. ಹೀರೋನನ್ನೇ ಕಳಿಸಿ ತರಿಸಿಕೊಳ್ಳುತ್ತಿದ್ದೆ, ಆದರೆ ಅಂದು ಅವನ ಬಾಯಿ ಖಾಲಿ ಇರಬೇಕು. ಯಂಕಪ್ಪನವರೇ ತಂದುಕೊಟ್ಟರೆ ಬಹಳ ಸಂತೋಷ. ಅವರ ದನಿಯನ್ನು ಇನ್ನೊಮ್ಮೆ ನನ್ನ ತಲೆಯ ಮೇಲಿಂದ ಕೇಳಬೇಕೆಂಬ ಆಸೆಯಿದೆ.